ಬ್ರೊಮೀಲಿಯಾಡ್‌ಗೆ ಬೀಜ ಕಟ್ಟಿಸುವ ಕೆಲಸ: ಹೂವಿನಿಂದ ಡಬ್ಬಿಯವರೆಗೆ

ಬ್ರೊಮೀಲಿಯಾಡ್ ಅಂದರೆ ಅನಾನಸ್ ಕುಟುಂಬದ ಗಿಡ. ಅದನ್ನು ಚಂದಕ್ಕೆ ಸಾಕುವವರು ಸಾಮಾನ್ಯವಾಗಿ ಬೀಜದ ತಂಟೆಗೆ ಹೋಗುವುದಿಲ್ಲ. ಹೋಗುವ ಅಗತ್ಯವೂ ಬರುವುದಿಲ್ಲ. ಗಿಡ ಒಂದೇ ಸಲ ಹೂ ಬಿಡುತ್ತದೆ. ಆಮೇಲೆ ಬಾಳೆಯ ಹಾಗೆ ಬುಡದಲ್ಲಿ ಕಂದು, ಅಂದರೆ ಮರಿ ಗಿಡ, ಕೊಟ್ಟು ನಿಧಾನಕ್ಕೆ ಒಣಗುತ್ತದೆ. ಕಂದು ಕಿತ್ತು ಬೇರೆ ಚಟ್ಟಿಗೆ ಹಾಕಿದರೆ ಕೆಲಸ ಮುಗಿಯಿತು.

ಆದರೆ ಕಂದಿನಿಂದ ಬರುವುದು ತಾಯಿಯದ್ದೇ ನಕಲು. ನನಗೆ ಬೇಕಿದ್ದದ್ದು ಬೇರೆ. ಮಂಗಳೂರು ಬಿಜೈಯ ನಮ್ಮ ಮನೆ ತಾರಸಿಯಲ್ಲಿ ನಿಯೋರೆಜೀಲಿಯಾ ಅನ್ನುವ ಬಗೆಯ ಎರಡು ಬ್ರೊಮೀಲಿಯಾಡ್ ಉಂಟು. ಒಂದಕ್ಕೆ ಕಡುಕೆಂಪು ಎಲೆ, ಇನ್ನೊಂದಕ್ಕೆ ಹಸಿರಿನ ಮೇಲೆ ನೇರಳೆ ಚುಕ್ಕಿ. ಇವೆರಡರ ಮಕ್ಕಳು ಹೇಗಿರುತ್ತವೆ ಅಂತ ನೋಡಬೇಕಿತ್ತು. ಜೊತೆಗೆ ಇದೇ ಕುಟುಂಬದ ಒಂದು ಏಕ್ಮಿಯಾ ಮತ್ತು ಒಂದು ವ್ರೀಸಿಯಾ ಇತ್ತು. ಅವುಗಳ ಕಾಯಿಯ ಲೆಕ್ಕವೇ ಬೇರೆ. ಅದನ್ನೂ ಬರೆದಿಟ್ಟಿದ್ದೇನೆ.

ಮೊದಲು ಒಂದು ಅನಾನಸ್ ಸೀಳಿ ನೋಡಿ

ಈ ಕುಟುಂಬದಲ್ಲಿ ಕಾಯಿ ಹೇಗೆ ಆಗುತ್ತದೆ ಅಂತ ತಿಳಿಯಲು ದುಬಾರಿ ಗಿಡ ಬೇಡ. ಅನಾನಸ್ ಕೂಡ ಬ್ರೊಮೀಲಿಯಾಡೇ. ಮೆಣಸ್ಕಾಯಿಗೆ ಹೆಚ್ಚುವಾಗ ಒಂದು ತುಂಡು ಬದಿಗಿಡಿ. ಸಿಪ್ಪೆ ತೆಗೆಯದೆ, ಒಂದು ಕಣ್ಣಿನ ನಟ್ಟನಡುವೆ ಚೂಪು ಚೂರಿಯಿಂದ ಸೀಳಿ.

ಕಣ್ಣಿನ ಒಳಗೆ ಒಂದು ಗುಳಿ ಕಾಣುತ್ತದೆ. ಅದರೊಳಗೆ ಒಣಗಿದ ಕಡ್ಡಿಗಳಿರುತ್ತವೆ. ಅವು ಹೂವಿನ ಕೇಸರಗಳು. ಅದಕ್ಕೂ ಕೆಳಗೆ ಸಣ್ಣ ಸಣ್ಣ ಪೊಳ್ಳು ಕೋಣೆಗಳು, ಒಟ್ಟು ಮೂರು. ಕೋಣೆಯ ಒಳಗೋಡೆಗೆ ಬಿಳಿ ಕಣಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಲೆನ್ಸ್ ಇದ್ದರೆ ಚಂದ ಕಾಣುತ್ತದೆ. ಅವು ಅಂಡಕಗಳು. ಬೀಜ ಆಗಬೇಕಿತ್ತು, ಆಗಲಿಲ್ಲ.

ಅಂದರೆ ಒಂದೊಂದು ಕಣ್ಣೂ ಒಂದೊಂದು ಹೂವು. ನೂರು, ಇನ್ನೂರು ಹೂವುಗಳ ಅಂಡಾಶಯ, ಅವುಗಳ ಬುಡದ ಎಲೆ, ನಡುವಿನ ದಂಟು ಎಲ್ಲ ಊದಿ ಒಂದಕ್ಕೊಂದು ಬೆಸೆದುಕೊಂಡರೆ ಒಂದು ಅನಾನಸ್. ಬೀಜ ಯಾಕಿಲ್ಲ ಅಂದರೆ, ಅನಾನಸ್ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಪರಾಗ ಮೊಳೆಯುತ್ತದೆ, ಅದರ ಕೊಳವೆ ಶಲಾಕೆಯ (ಅಂಡಾಶಯದ ಮೇಲಿನ ಕಡ್ಡಿಯ) ಮೇಲ್ಭಾಗಕ್ಕೆ ಇಳಿಯುತ್ತದೆ, ಅಲ್ಲೇ ನಿಲ್ಲುತ್ತದೆ. ಕಂದಿನಿಂದ ಎಬ್ಬಿಸಿದ ಇಡೀ ತೋಟ ಲೆಕ್ಕದಲ್ಲಿ ಒಂದೇ ಗಿಡ. ಹಾಗಾಗಿ ಪಕ್ಕದ ಗಿಡದ ಪರಾಗವೂ ನಡೆಯುವುದಿಲ್ಲ. ಆದರೂ ಹಣ್ಣು ಮಾತ್ರ ಜೋರಾಗಿ ಊದುತ್ತದೆ.

ಕ್ಯೂ ಮತ್ತು ಮಾರಿಷಸ್‌ನಂಥ ಬೇರೆ ಬೇರೆ ತಳಿ ಹತ್ತಿರ ಹತ್ತಿರ ಹೂ ಬಿಟ್ಟರೆ ಕತೆ ಬದಲಾಗುತ್ತದೆ. ಸಿಪ್ಪೆಯಿಂದ ಸ್ವಲ್ಪ ಒಳಗೆ ಗಟ್ಟಿ ಕಂದು ಬೀಜ ಸಿಗುತ್ತದೆ, ಹಲ್ಲಿಗೆ ಸಿಕ್ಕಿದರೆ ಕಟಕ್ ಅನ್ನುತ್ತದೆ. ಹವಾಯಿ ದ್ವೀಪಕ್ಕೆ ಹಮಿಂಗ್‌ಬರ್ಡ್ ಹಕ್ಕಿ ತರಲು ಬಿಡದಿರುವುದಕ್ಕೆ ಇದೂ ಒಂದು ಕಾರಣ. ಅದು ಹೂವಿಂದ ಹೂವಿಗೆ ಹಾರಿದರೆ ಅನಾನಸ್ ತುಂಬ ಬೀಜ.

ಇದರಲ್ಲಿ ನಮಗೆ ಬೇಕಾದ ಮಾತು ಒಂದೇ. ಕಾಯಿ ಊದಿದೆ ಅಂದಮಾತ್ರಕ್ಕೆ ಒಳಗೆ ಬೀಜ ಇದೆ ಅಂತ ಲೆಕ್ಕ ಇಲ್ಲ. ಮುಂದಿನ ಕೆಲಸವೆಲ್ಲ ಇದನ್ನು ತಲೆಯಲ್ಲಿಟ್ಟುಕೊಂಡೇ ಮಾಡಬೇಕು.

ಎರಡೂ ಗಿಡ ಒಟ್ಟಿಗೆ ಹೂ ಬಿಡಬೇಕು

ದೊಡ್ಡ ತಲೆನೋವು ಇದು. ಕೆಂಪು ಗಿಡ ಹೂ ಬಿಡುವಾಗ ಚುಕ್ಕಿಯದ್ದು ಸುಮ್ನೆ ಕೂತಿರುತ್ತದೆ. ಪರಿಹಾರ ಆ್ಯಪಲ್. ಹಣ್ಣಾದ ಆ್ಯಪಲ್‌ನಿಂದ ಎಥಿಲೀನ್ ಅನಿಲ ಬರುತ್ತದೆ, ಬೆಳೆದ ಬ್ರೊಮೀಲಿಯಾಡ್‌ಗೆ ಹೂ ಬಿಡಲು ಅದೇ ಸೂಚನೆ. ಎರಡೂ ಗಿಡದ ಎಲೆಗಳ ನಡುವಿನ ಬಟ್ಟಲಿನಲ್ಲಿ ನಿಂತ ನೀರು ಚೆಲ್ಲಿ, ಬುಡದಲ್ಲಿ ಒಂದೊಂದು ಹಣ್ಣಿಟ್ಟು, ಮೇಲಿಂದ ದೊಡ್ಡ ಪ್ಲಾಸ್ಟಿಕ್ ಚೀಲ ಮುಚ್ಚಿ, ಒಂದು ವಾರ ನೆರಳಲ್ಲಿಡಬೇಕು. ಬಿಸಿಲಿಗಿಟ್ಟರೆ ಗಿಡ ಬೆಂದುಹೋಗುತ್ತದೆ. ಎರಡು ಮೂರು ತಿಂಗಳೊಳಗೆ ನಡುವಿನ ಎಲೆಗಳು ಬಣ್ಣ ಏರಿಸಿ ಮೊಗ್ಗು ತೋರಿಸುತ್ತವೆ. ಎಳೆ ಗಿಡಕ್ಕೆ ಈ ಉಪಾಯ ಬೇಡ. ಹೂ ಬಂದರೂ ಬಡಕಲು, ಆಮೇಲೆ ಗಿಡವೂ ಹೋಯಿತು.

ಅನಾನಸ್ ಬೆಳೆಗಾರರು ಮಾಡುವುದೂ ಇದನ್ನೇ, ಹಣ್ಣಿನ ಬದಲು ಎಥಿಲೀನ್ ಬಿಡುವ ಎಥಿಫಾನ್ ಅನ್ನುವ ಮದ್ದು ಬಳಸುತ್ತಾರೆ ಅಷ್ಟೆ. ಕೇರಳದ ಲೆಕ್ಕ ಹೀಗಿದೆ: 25 ಪಿಪಿಎಂ ಎಥಿಫಾನ್, ಶೇ 2 ಯೂರಿಯಾ, ಶೇ 0.04 ಕ್ಯಾಲ್ಸಿಯಂ ಕಾರ್ಬೊನೇಟ್ ಕಲಸಿ, ಗಿಡದ ನಡುವಿಗೆ 50 ಮಿಲಿ. ತಾರಸಿಗೆ ಅಷ್ಟೆಲ್ಲ ಬೇಡ.

ಬೆಳಗ್ಗಿನ ಕೆಲಸ

ನಿಯೋರೆಜೀಲಿಯಾಕ್ಕೆ ಹೂಗೊಂಚಲು ಅಂತ ಮೇಲೆ ಬರುವುದಿಲ್ಲ. ಎಲೆಗಳ ನಡುವಿನ ನೀರಿನ ಬಟ್ಟಲಿನಲ್ಲೇ ಹತ್ತಾರು ಮೊಗ್ಗು ಒತ್ತಾಗಿ ಕೂತಿರುತ್ತವೆ. ದಿನಕ್ಕೆ ಒಂದಷ್ಟು ಅರಳುತ್ತವೆ. ಒಂದು ಹೂವಿನ ಆಯುಷ್ಯ ಒಂದೇ ದಿನ. ಬೆಳಗ್ಗೆ ಅರಳಿದ್ದು ಸಂಜೆಗೆ ಮುದುಡುತ್ತದೆ. ಆಫೀಸಿಗೆ ಹೋಗಿ ಬಂದು ಮಾಡುತ್ತೇನೆ ಅಂದರೆ ಆಗದು.

ಬೇಕಾದ ಸಾಮಾನು ಕಡಿಮೆ. ಹುಬ್ಬು ಕೀಳುವ ಚೂಪು ಚಿಮಟ, ಸೂಜಿ ತೆಗೆದ ಸಿರಿಂಜ್, ಉಗುರು ಕತ್ತರಿ. ಹಣೆಗೆ ಕಟ್ಟುವ ಟಾರ್ಚ್ ಇದ್ದರೆ ಒಳ್ಳೆಯದು, ಎರಡೂ ಕೈ ಖಾಲಿ ಇರುತ್ತದೆ.

ಮೊದಲು ಸಿರಿಂಜ್‌ನಿಂದ ಬಟ್ಟಲಿನ ನೀರು ಹೀರಿ ತೆಗೆಯಬೇಕು. ಪರಾಗಕ್ಕೆ ನೀರು ತಾಗಿದರೆ ಅದು ಕೆಲಸಕ್ಕೆ ಬಾರದು. ಆಮೇಲೆ ತಾಯಿ ಗಿಡದಲ್ಲಿ ಅರಳಲು ತಯಾರಾದ ಮೊಗ್ಗು ಹುಡುಕಬೇಕು. ಗುರುತು ಸುಲಭ. ಹೊರಗಿನ ಹಸಿರು ಪುಷ್ಪಪತ್ರಗಳ ನಡುವಿನಿಂದ ದಳದ ತಿಳಿನೀಲಿ ತುದಿ ಮೇಲೆ ಎದ್ದಿರುತ್ತದೆ. ಚಿಮಟದ ತುದಿಯಿಂದ ಮೂರು ದಳಗಳನ್ನು ಮೆಲ್ಲ ಬಿಡಿಸಿದರೆ ಒಳಗೆ ಆರು ಪರಾಗಕೋಶ. ಇನ್ನೂ ಒಡೆಯದಿದ್ದರೆ ನುಣುಪಾಗಿ, ಬಿಳಿಚಿಕೊಂಡು ಕಾಣುತ್ತವೆ. ಆರನ್ನೂ ಕಿತ್ತು ತೆಗೆಯಬೇಕು. ಒಂದು ಉಳಿದರೂ ಗಿಡ ತನ್ನದೇ ಪರಾಗದಿಂದ ಬೀಜ ಕಟ್ಟಬಹುದು. ಅನಾನಸ್‌ನ ಹಠ ನಿಯೋರೆಜೀಲಿಯಾಗಳಿಗೆಲ್ಲ ಇಲ್ಲ, ಕೆಲವು ತಮ್ಮ ಪರಾಗಕ್ಕೇ ಸಲೀಸಾಗಿ ಬಗ್ಗುತ್ತವೆ.

ಉಳಿಯುವುದು ನಡುವಿನ ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ತುದಿ. ಮೂರು ಹಾಳೆ ಒಂದಕ್ಕೊಂದು ತಿರುಚಿಕೊಂಡ ಹಾಗೆ ಕಾಣುತ್ತದೆ. ಇನ್ನೊಂದು ಗಿಡದ ಅರಳಿದ ಹೂವಿನಿಂದ ಒಂದು ಕೇಸರವನ್ನು ಪೂರ್ತಿ ಕಿತ್ತು, ಚಿಮಟದಲ್ಲೇ ಹಿಡಿದು, ಅದರ ಹಳದಿ ಹುಡಿಯನ್ನು ಆ ತಿರುಚಿನ ಮೇಲೆ ಸವರಬೇಕು. ಬ್ರಷ್ ಬೇಡ. ಬ್ರಷ್‌ನಲ್ಲಿ ನಿನ್ನೆಯ ಪರಾಗ ಉಳಿದಿರುತ್ತದೆ, ಇವತ್ತಿನ ಲೆಕ್ಕ ಕೆಡುತ್ತದೆ.

ಯಾವ ಹೂವಿಗೆ ಮಾಡಿದ್ದೇವೆ ಅಂತ ನೆನಪಿಡಲು ಲೇಬಲ್ ಕಟ್ಟಲಾಗದು, ಜಾಗವೇ ಇಲ್ಲ. ಅದಕ್ಕೆ ಉಗುರು ಕತ್ತರಿಯಿಂದ ಆ ಹೂವಿನ ಒಂದು ಪುಷ್ಪಪತ್ರದ ತುದಿ ಚಿವುಟುವುದು. ಕಾಯಿಯ ನೆತ್ತಿಯಲ್ಲಿ ಆ ಗುರುತು ಕೊನೆಯವರೆಗೂ ಉಳಿಯುತ್ತದೆ. ಯಾವ ಗಿಡದ ಪರಾಗ, ಯಾವ ತಾರೀಕು ಎಲ್ಲ ಪುಸ್ತಕದಲ್ಲಿ.

ಏಕ್ಮಿಯಾದ ಹೂಗೊಂಚಲು ಎತ್ತರಕ್ಕೆ ಬರುವುದರಿಂದ ಕೈಗೆ ಸುಲಭ. ಆದರೆ ಅದಕ್ಕೆ ಸೂರಕ್ಕಿ ಬರುತ್ತದೆ. ಅಮೆರಿಕ ಖಂಡದ ಕಾಡಿನಲ್ಲಿ ಹಮಿಂಗ್‌ಬರ್ಡ್ ಮಾಡುವ ಕೆಲಸವನ್ನು ಇಲ್ಲಿ ಇದು ಸಲೀಸಾಗಿ ಮಾಡುತ್ತದೆ. ಯಾವ ಪರಾಗ ತಂದು ಹಾಕಿತೋ ಯಾರಿಗೆ ಗೊತ್ತು? ಹಾಗಾಗಿ ಗೊಂಚಲಿಗೆ ಹಳೇ ಸೊಳ್ಳೆಪರದೆಯ ತುಂಡು ಕಟ್ಟಿದ್ದೆ.

ಕಾಯಿ ಬಲಿಯುವಾಗ

ಹೂ ಮುದುಡಿ, ದಳಗಳು ತಿರುಚಿ ಕಂದಾಗಿ ಅಲ್ಲೇ ಅಂಟಿಕೊಳ್ಳುತ್ತವೆ. ಆಮೇಲೆ ಸ್ವಲ್ಪ ಕಾಲ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಒಳಗೆ ಮಾತ್ರ ಕೆಲಸ ನಡೆದಿರುತ್ತದೆ. ಪರಾಗದ ಕೊಳವೆ ಇಳಿದು ಅಂಡಕಕ್ಕೆ ಮುಟ್ಟಿದ ಮೇಲೆ ಅಂಡಾಶಯ ಬೆಳೆಯಲು ಶುರು. ಕೆಲವು ವಾರಗಳ ನಂತರ ಎರಡು ಬೆರಳಲ್ಲಿ ಮೆಲ್ಲ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕಟ್ಟಿದ್ದು ಗಟ್ಟಿಯಾಗಿ, ಬುಡದಲ್ಲಿ ಉರುಟಾಗಿರುತ್ತದೆ. ಕಟ್ಟದ್ದು ಸಪೂರ, ಎಳೆದರೆ ಕೈಗೆ ಬರುತ್ತದೆ. ಅಂಥದ್ದನ್ನು ತೆಗೆದುಬಿಡಬೇಕು, ಇಲ್ಲದಿದ್ದರೆ ನೀರಲ್ಲಿ ಕೊಳೆತು ಪಕ್ಕದ್ದನ್ನೂ ಕೊಳೆಸುತ್ತದೆ.

ನಿಯೋರೆಜೀಲಿಯಾದ ಕಾಯಿ ಬಲಿಯಲು ಎರಡು ಮೂರು ತಿಂಗಳು ಬೇಕು. ಹಣ್ಣಾದದ್ದನ್ನು ಅದೇ ಹೇಳುತ್ತದೆ. ಅಷ್ಟು ದಿನ ಬಟ್ಟಲಿನ ತಳದಲ್ಲಿ ಅಡಗಿದ್ದ ಕಾಯಿಯ ತೊಟ್ಟು ಉದ್ದವಾಗಿ, ಕಾಯಿ ಮೇಲಕ್ಕೆ ಎದ್ದು ನಿಲ್ಲುತ್ತದೆ. ಮೆಲ್ಲ ಎಳೆದರೆ ಜಾರಿ ಬರುತ್ತದೆ. ಎಳೆದಾಗ ಗಟ್ಟಿ ಹಿಡಿದುಕೊಂಡರೆ ಇನ್ನೂ ಬಿಡಿ. ನನ್ನಲ್ಲಿ ಸೆಖೆ ಶುರುವಾಗುವಾಗ ಹೂ ಬಂದದ್ದು ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ, ಹಣ್ಣಾಯಿತು. ಬಿತ್ತಲು ಅದಕ್ಕಿಂತ ಒಳ್ಳೆಯ ಕಾಲ ಇಲ್ಲ, ಹೊರಗೆ ಮಳೆನೀರು ಧಾರಾಳ.

ಏಕ್ಮಿಯಾದಲ್ಲಿ ಬಣ್ಣ ನೋಡಿ ಹೇಳಲಾಗದು. ನನ್ನ ಬಳಿ ಇರುವುದು ಏಕ್ಮಿಯಾ ಫುಲ್ಜೆನ್ಸ್. ಇದರ ಅಂಡಾಶಯ ನೇರಳೆ ಹೂ ಅರಳುವಾಗಲೇ ಹವಳದಂತೆ ಕೆಂಪಗಿರುತ್ತದೆ. ಪರಾಗ ಬಿದ್ದರೂ ಕೆಂಪು, ಬೀಳದಿದ್ದರೂ ಕೆಂಪು, ತಿಂಗಳುಗಟ್ಟಲೆ ಹಾಗೇ ನಿಲ್ಲುತ್ತದೆ. ನೋಡಲು ಬಲು ಚಂದ. ಒಳಗೆ ಏನುಂಟು ಅಂತ ತಿಳಿಯಲು ಒಂದನ್ನು ಬ್ಲೇಡಿನಿಂದ ಅಡ್ಡ ಕೊಯ್ದು ನೋಡುವುದೇ ದಾರಿ. ಬೀಜ ಕಟ್ಟಿದ್ದರೆ ಕೋಣೆಗಳಲ್ಲಿ ಕಂದು ಬೀಜ ಅಂಟಿನಲ್ಲಿ ಮುಳುಗಿರುತ್ತದೆ. ಕಟ್ಟದಿದ್ದರೆ ಅನಾನಸ್‌ನಲ್ಲಿ ನೋಡಿದ ಅದೇ ಬಿಳಿ ಕಣಗಳು.

ಈ ಹೊತ್ತಿಗೇ ಮಲೇರಿಯಾ, ಡೆಂಗಿ ತಪಾಸಣೆಯವರು ಮನೆ ಮನೆಗೆ ಬರುವುದು. ಮಂಗಳೂರಲ್ಲಿ ಇದು ಹೊಸತಲ್ಲ. ತಾರಸಿಗೆ ಬಂದ ಹುಡುಗ ಗಿಡದೊಳಗೆ ಟಾರ್ಚ್ ಬಿಟ್ಟು, “ಸರ್, ಇದ್ರಲ್ಲಿ ನೀರು ನಿಲ್ತದಲ್ಲ, ಲಾರ್ವಾ ಆಗ್ತದೆ” ಅಂದ. ಸರಿಯಾದ ಮಾತೇ. ನಮ್ಮ ಸೆಖೆಗೆ ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ವಾರಕ್ಕೆ ಎರಡು ಸಲ ಪೈಪ್ ಹಿಡಿದು ಬಟ್ಟಲು ತೊಳೆಯುತ್ತೇನೆ, ಕಾಯಿ ಇರುವ ಗಿಡಕ್ಕೆ ಸಿರಿಂಜ್ ಉಪಚಾರ. ಎಣ್ಣೆ ಬಿಡಿ ಅಂತ ಕೆಲವರು ಹೇಳುತ್ತಾರೆ. ಬೇಡ. ಈ ಗಿಡಗಳು ಎಲೆಯ ಮೇಲಿನ ಹುರುಪೆಯಂಥ ಸಣ್ಣ ಹೊಪ್ಪಳಗಳಿಂದ ನೀರು ಕುಡಿಯುವುದು, ಎಣ್ಣೆ ಅವನ್ನು ಮುಚ್ಚುತ್ತದೆ. ಬಿಟಿಐ ಹುಡಿ (ಲಾರ್ವಾ ಕೊಲ್ಲುವ ಬ್ಯಾಕ್ಟೀರಿಯಾದ್ದು) ಸಿಕ್ಕಿದರೆ ಅದು ಗಿಡಕ್ಕೆ ತೊಂದರೆ ಕೊಡದು.

ಡಬ್ಬಿ

ಬೀಜ ಬಿತ್ತಲು ಪಾರ್ಸೆಲ್ ಬರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳ ಬಿಗಿಯಾಗಿ ಕೂರುವಂಥದ್ದು, ನಾಲ್ಕು ಇಂಚಾದರೂ ಆಳ ಬೇಕು. ತಳಕ್ಕೆ ಕಾಯಿಸಿದ ಮೊಳೆಯಿಂದ ತೂತು. ಮುಚ್ಚಳಕ್ಕೆ ತೂತು ಬೇಡ.

ತಳದಲ್ಲಿ ಹೆಂಚಿನ ಚೂರು ಒಂದು ಪದರ. ಊರಲ್ಲಿ ಹಳೇ ಮನೆ ಕೆಡವಿದ ಕಡೆಯೆಲ್ಲ ಬೇಕಾದಷ್ಟು ಸಿಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದಾಗಿಂದ ಇಲ್ಲಿನ ಮಾಡುಗಳ ಮೇಲೆ ಕೂತ ಜೇಡಿಮಣ್ಣು ಅದು. ನೀರು ಹೀರಿ ನಿಧಾನಕ್ಕೆ ಬಿಡುತ್ತದೆ, ಈ ಕೆಲಸಕ್ಕೆ ಜಲ್ಲಿಗಿಂತ ಎಷ್ಟೋ ಮೇಲು. ಅದರ ಮೇಲೆ ಗೆರಟೆ ಸುಟ್ಟ ಇದ್ದಿಲು, ಪುಡಿ ಮಾಡಿದ್ದು. ಮೇಲೆ ಒಂದಿಂಚು ಕೋಕೋಪೀಟ್.

ಕೋಕೋಪೀಟ್ ವಿಷಯದಲ್ಲಿ ಮಾತ್ರ ಅವಸರ ಬೇಡ. ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ ನೆನೆಹಾಕಿ ನಾರು ತೆಗೆದದ್ದಾದರೆ ಅದರಲ್ಲಿ ಉಪ್ಪು ತುಂಬಿರುತ್ತದೆ. ದೊಡ್ಡ ಗಿಡ ಹೇಗೋ ತಡೆದುಕೊಳ್ಳುತ್ತದೆ, ಆಗಷ್ಟೇ ಮೊಳೆತ ಬೇರು ತಡೆಯದು. ಬಕೆಟ್‌ನಲ್ಲಿ ನೆನೆಸಿ, ಹಿಂಡಿ, ನೀರು ಚೆಲ್ಲಿ. ಕಾಫಿಯಂಥ ಆ ಬಣ್ಣ ತಿಳಿಯಾಗುವವರೆಗೆ ಮತ್ತೆ ಮತ್ತೆ. ಆಮೇಲೆ ಬಟ್ಟೆಯಲ್ಲಿ ಕಟ್ಟಿ ಇಡ್ಲಿ ಪಾತ್ರೆಯಲ್ಲಿ ಅರ್ಧ ಗಂಟೆ ಹಬೆ ಕೊಡಬೇಕು. ಹಳೇ ಇಡ್ಲಿ ಪಾತ್ರೆ ಅಂತ ಬಿಡಿಸಿ ಹೇಳುವುದು ಒಳ್ಳೆಯದು, ಮನೆಯಲ್ಲಿ ಶಾಂತಿ ಇರಲಿ. ಹೆಂಚು, ಇದ್ದಿಲಿಗೆ ಕುದಿಯುವ ನೀರು ಸುರಿದರೆ ಸಾಕು.

ಅಂಟು ತೆಗೆದು ಬಿತ್ತುವುದು

ಹಣ್ಣಿನ ನೆತ್ತಿ ಚಿವುಟಿ ಬುಡದಿಂದ ಒತ್ತಿದರೆ ಬೀಜಗಳು ಸಿಂಬಳದಂಥ ಅಂಟಿನ ಜೊತೆ ಹೊರಗೆ ಬರುತ್ತವೆ. ಎಳ್ಳಿಗಿಂತ ಸಣ್ಣ, ಕೆಂಗಂದು, ಒಂದು ತುದಿ ಚೂಪು. ಬೆರಳಿಗೆ ಹತ್ತಿದರೆ ಕೊಡವಿದರೂ ಹೋಗದು. ಕಾಡಿನಲ್ಲಿ ಅದರ ಉಪಯೋಗ ಅದೇ. ಹಣ್ಣು ತಿಂದ ಹಕ್ಕಿ ಕೊಂಬೆಗೆ ಕೊಕ್ಕು ಒರೆಸಿದರೆ ಬೀಜ ಅಲ್ಲೇ ಕೂರುತ್ತದೆ. ಡಬ್ಬಿಯಲ್ಲಿ ಮಾತ್ರ ಆ ಅಂಟೇ ಶತ್ರು. ಅದರಲ್ಲಿ ಸಕ್ಕರೆ ಇದೆ, ಬೂಸ್ಟು ಬರುವುದು ಅಲ್ಲಿಂದಲೇ. ಇರುವೆಗೂ ವಾಸನೆ ಸಿಗುತ್ತದೆ, ಬೀಜ ಸಮೇತ ಹೊತ್ತೊಯ್ಯುತ್ತದೆ.

ಚಹಾ ಸೋಸುವ ಜರಡಿಗೆ ಹಾಕಿ, ಪಾತ್ರೆ ತೊಳೆಯುವ ಸಾಬೂನು ಒಂದು ಹನಿ ಬಿಟ್ಟು, ನಲ್ಲಿಯ ಕೆಳಗೆ ಬೆರಳಲ್ಲಿ ತಿಕ್ಕಿದರೆ ಅಂಟು ಬಿಡುತ್ತದೆ. ಜಾರುವುದು ನಿಂತು ಬೀಜ ಸ್ವಲ್ಪ ಒರಟು ಅನ್ನಿಸಿದರೆ ಆಯಿತು. ಟಿಶ್ಯೂ ಮೇಲೆ ಹರಡಿ ನೀರು ಆರಿಸಿ. ಬಿಳಿ, ಮೆತ್ತಗಿನ ಬೀಜ ಎಳೆಯದು, ತೆಗೆದು ಬಿಸಾಡಿ.

ಇದನ್ನು ಡಬ್ಬಿಯಲ್ಲಿ ತುಂಬಿಟ್ಟು ಮುಂದಿನ ವರ್ಷ ಬಿತ್ತುವ ಲೆಕ್ಕ ಹಾಕಬೇಡಿ. ಹಣ್ಣಿನ ಜಾತಿಯ ಬ್ರೊಮೀಲಿಯಾಡ್‌ಗಳ ಬೀಜ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ತೊಳೆದ ಒಂದೆರಡು ದಿನದಲ್ಲೇ ಬಿತ್ತಿ. ಬಿತ್ತುವುದು ಅಂದರೆ ಮೇಲೆ ಉದುರಿಸುವುದಷ್ಟೆ, ಮುಚ್ಚಬಾರದು. ಮೊಳೆಯಲು ಇವಕ್ಕೆ ಬೆಳಕು ಬೇಕು. ಮಳೆನೀರು ಸಿಂಪಡಿಸಿ ಮುಚ್ಚಳ ಹಾಕಿ, ಬಿಸಿಲು ನೇರ ಬೀಳದ ಕಡೆ ಇಡಿ.

ನಮ್ಮ ಜೂನ್ ತಿಂಗಳ ಆಕಾಶ ನಂಬಿದರೆ ಬೆಳಕು ಸಾಲದು. ಎರಡು ಬಿಳಿ ಎಲ್‌ಇಡಿ ಟ್ಯೂಬ್‌ಗಳನ್ನು ಡಬ್ಬಿಯಿಂದ ಒಂದಡಿ ಮೇಲೆ ಕಟ್ಟಿ, ದಿನಕ್ಕೆ ಹನ್ನೆರಡು ಗಂಟೆ ಉರಿಸಿದ್ದೇನೆ. ಬಿಸಿ ಮಾತ್ರ ಬೇರೆಯಾಗಿ ಕೊಡಬೇಕಾಗಿಲ್ಲ, ಈ ಊರಲ್ಲಿ ಆ ಖರ್ಚು ಉಳಿತಾಯ.

ಎರಡನೇ ವಾರದ ಹೊತ್ತಿಗೆ ಬೀಜದ ಒಂದು ತುದಿ ಒಡೆದು ಹಸಿರು ಮೊನೆ ಇಣುಕಿತು. ಅದರ ಬುಡದಲ್ಲಿ ಬಿಳಿ ನವಿರಾದ ರೋಮದ ಸುತ್ತು. ಅದನ್ನು ನೋಡಿ ಬೂಸ್ಟು ಅಂತ ಒರೆಸಬಾರದು, ಅವು ಬೇರಿನ ರೋಮಗಳು. ಬೂಸ್ಟು ಬಂದರೆ ಬೀಜದಿಂದ ಬೀಜಕ್ಕೆ ಬಲೆ ಕಟ್ಟುತ್ತದೆ, ಇದು ಒಂದೊಂದು ಸಸಿಗೂ ಬೇರೆ ಬೇರೆ ನಿಲ್ಲುತ್ತದೆ.

ಆಟಿ ತಿಂಗಳ ಪಾಚಿ ಮತ್ತು ಬಾವನ ಮದ್ದು

ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, ಬಟ್ಟೆಯೇ ಒಣಗದು, ಇನ್ನು ಡಬ್ಬಿಯ ಕತೆ ಏನು? ಕೋಕೋಪೀಟ್ ಮೇಲೆ ಹಸಿರು ಪಾಚಿ ಹಬ್ಬಿತು. ದಪ್ಪ ಪದರ ಆದರೆ ಸಸಿಯ ಬೇರು ಕೆಳಗಿಳಿಯದೆ ಮೇಲೇ ತೇಲುತ್ತದೆ. ಮುಚ್ಚಳವನ್ನು ದಿನಕ್ಕೆ ಒಂದು ಗಂಟೆ ಓರೆ ಇಟ್ಟೆ, ಸಿಂಪಡಿಸುವುದನ್ನು ನಿಲ್ಲಿಸಿದೆ, ಗೊಬ್ಬರದ ಹೆಸರೆತ್ತಲಿಲ್ಲ. ಪಾಚಿ ಹೆಚ್ಚಾದ ಕಡೆಯ ಸಸಿಗಳನ್ನು ಒದ್ದೆ ಹಲ್ಲುಕಡ್ಡಿಯ ತುದಿಯಲ್ಲಿ ಎತ್ತಿ ಹೊಸ ಡಬ್ಬಿಗೆ ದಾಟಿಸಿದೆ. ಸಾವಧಾನದ ಕೆಲಸ, ಆದರೆ ಮಳೆಗೆ ಹೊರಗೆ ಹೋಗುವ ಹಾಗೂ ಇರಲಿಲ್ಲ ಅಲ್ವಾ.

ಆಗಲೇ ಪುತ್ತೂರಿನ ಬಾವ ಬಂದಿದ್ದರು. ಅಡಿಕೆ ತೋಟದವರು. ಡಬ್ಬಿ ನೋಡಿ, “ಅಲ್ಲ ಬಾವ, ಇದಕ್ಕೆಂತ ಇಷ್ಟು ಒದ್ದಾಟ? ಒಂಚೂರು ಬೋರ್ಡೋ ಬಿಡಿ. ಪಾಚಿಯೂ ಇಲ್ಲ, ಕೊಳೆಯೂ ಇಲ್ಲ” ಅಂದರು. ಅಡಿಕೆಗೆ ಅವರ ಮಾತು ಸರಿ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೊಳೆರೋಗಕ್ಕೆ ನಮ್ಮ ಕಡೆ ತಲೆಮಾರುಗಳಿಂದ ನಂಬಿದ ಮದ್ದು ಅದು. ಬ್ರೊಮೀಲಿಯಾಡ್‌ಗೆ ಮಾತ್ರ ಅದು ವಿಷ. ಮೈಲುತುತ್ತಿನಲ್ಲಿರುವುದು ತಾಮ್ರ, ಈ ಗಿಡಗಳಿಗೆ ತಾಮ್ರ ಆಗದು. ನೀರು ಹೀರುವ ಅದೇ ಹೊಪ್ಪಳಗಳಿಂದ ಅದೂ ಒಳಗೆ ಹೋಗುತ್ತದೆ, ನಡು ಕಪ್ಪಾಗಿ ಕೊಳೆಯುತ್ತದೆ. ಅಡಿಕೆ ಮರಕ್ಕೆ ಬ್ರೊಮೀಲಿಯಾಡ್ ಕಟ್ಟಿ ಬೆಳೆಸುವ ಆಸೆ ಇದ್ದವರು ಇದನ್ನು ಗಮನಿಸಬೇಕು. ಮದ್ದು ಬಿಡುವ ದಿನ ಮೇಲಿಂದ ತೊಟ್ಟಿಕ್ಕುವುದೆಲ್ಲ ಬಟ್ಟಲಿಗೇ ಬೀಳುತ್ತದೆ. ಕಟ್ಟಲು ತಾಮ್ರದ ತಂತಿಯೂ ಬೇಡ.

ಬಾವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. “ಹಾಗಾದ್ರೆ ಇದು ನಮ್ಮ ತೋಟಕ್ಕೆ ಆಗುವ ಗಿಡ ಅಲ್ಲ” ಅಂತ ಚಹಾ ಮುಗಿಸಿದರು.

ಈಗ ಎಲ್ಲಿದೆ

ನಿಯೋರೆಜೀಲಿಯಾ ಸಸಿಗಳು ದೀಪಾವಳಿ ಕಳೆದ ಮೇಲೆ ಒಂದಿಂಚಿನ ಹತ್ತಿರ ಬಂದವು. ಅಲ್ಲಿಂದ ಸಣ್ಣ ಚಟ್ಟಿಗೆ, ಹೆಂಚಿನ ಚೂರು ಜಾಸ್ತಿ, ಕೋಕೋಪೀಟ್ ಕಡಿಮೆ. ಗೊಬ್ಬರ ಪ್ಯಾಕೆಟ್ ಮೇಲೆ ಬರೆದದ್ದರ ಕಾಲು ಭಾಗ. ಬಣ್ಣ ಈಗಲೇ ನೋಡಿ ನಿರ್ಧಾರ ಮಾಡುವ ಹಾಗಿಲ್ಲ, ಎಳೆಯದರಲ್ಲಿ ಎಲ್ಲವೂ ಹಸಿರೇ. ಕೆಲವಕ್ಕೆ ಮಾತ್ರ ಎಲೆಯ ಬುಡದಲ್ಲಿ ನೇರಳೆ ಚುಕ್ಕಿ ಕಾಣುತ್ತಿದೆ. ಹೂವಿಗೆ ಇನ್ನೂ ಕೆಲವು ವರ್ಷ ಕಾಯಬೇಕು.

ಏಕ್ಮಿಯಾದ ಕೆಂಪು ಕಾಯಿಗಳಲ್ಲಿ ಪರದೆಯೊಳಗೆ ಪರಾಗ ಹಾಕಿದವುಗಳಲ್ಲಿ ಮಾತ್ರ ಬೀಜ ಸಿಕ್ಕಿತು. ಮುಟ್ಟದೆ ಬಿಟ್ಟವು ಇನ್ನೂ ಗೊಂಚಲಲ್ಲಿ ಕೆಂಪಗೆ ನೇತಾಡುತ್ತಿವೆ, ಒಳಗೆ ಖಾಲಿ.

ವ್ರೀಸಿಯಾದ್ದು ನಿಧಾನ. ಅದರದ್ದು ಹಣ್ಣಲ್ಲ, ಒಣಗಿ ಒಡೆಯುವ ಕಾಯಿ. ಟಿಲ್ಯಾಂಡ್ಸಿಯಾ, ಗುಜ್ಮೇನಿಯಾಗಳದ್ದೂ ಇದೇ ಜಾತಿ. ಬಲಿಯಲು ವರ್ಷದ ಹತ್ತಿರ ತೆಗೆದುಕೊಳ್ಳಬಹುದು. ಕಂದಾಗಿ ಮೂರು ಸೀಳಾಗಿ ಬಿಚ್ಚಿದರೆ ಒಳಗಿನ ಬೀಜಕ್ಕೆಲ್ಲ ರೇಷ್ಮೆಯಂಥ ಎಳೆಗಳ ಗೊಂಚಲು, ಗಾಳಿ ಬೀಸಿದರೆ ಪಕ್ಕದ ಮನೆಗೆ. ಅದಕ್ಕೆ ಕಾಯಿ ಹಸಿರಿರುವಾಗಲೇ ಮಸ್ಲಿನ್ ಬಟ್ಟೆಯ ಚೀಲ ಕಟ್ಟಿದ್ದೇನೆ. ತೊಳೆಯುವ ರಗಳೆ ಇದಕ್ಕಿಲ್ಲ. ಬಿತ್ತುವುದೂ ಬೇರೆ ರೀತಿ, ಎಳೆಗಳ ಸಮೇತ ಒದ್ದೆ ತೆಂಗಿನ ಸಿಪ್ಪೆಯ ತುಂಡಿಗೆ ಅಂಟಿಸುವುದು. ಸಿಪ್ಪೆಯನ್ನು ಈಗಲೇ ಬಕೆಟ್‌ನಲ್ಲಿ ನೆನೆಹಾಕಿದ್ದೇನೆ, ಉಪ್ಪು ಬಿಡಲಿ ಅಂತ.